ಕಣ್ಣಳತೆಯ ಬೆಲ್ಲ

ಈ ಬರಹವನ್ನು ನಾನು ಮೂರು ವರ್ಷದಿಂದ ಮುಂದೂಡುತ್ತ ಬಂದಿದ್ದೇನೆ. ನಮ್ಮ ಕನ್ನಡ ಕೂಟದ ವಾರ್ಷಿಕ ಸಂಚಿಕೆಯ ಸಂಪಾದಕರು ಪ್ರತಿ ಬೇಸಿಗೆಯಲ್ಲೂ ಫೋನು ಮಾಡಿ, “ಅಂಕಲ್, ಹೋಮ್ ಬ್ರೂಯಿಂಗ್ ಬಗ್ಗೆ ಬಿಗಿನರ್ಸ್‌ಗೆ ಸ್ವಲ್ಪ ಟಿಪ್ಸ್ ಬರ್ಕೊಡಿ, ಎರಡು ಪೇಜ್ ಸಾಕು” ಎನ್ನುತ್ತಾರೆ. ನಾನು ಒಂದೊಂದು ವರ್ಷ ಒಂದೊಂದು ನೆವ ಹೇಳುತ್ತೇನೆ. ಒಮ್ಮೆ ಕಣ್ಣಿನ ಪೊರೆ ಎಂದೆ, ಇನ್ನೊಮ್ಮೆ ಊರಿಗೆ ಹೊರಟಿದ್ದೇನೆ ಎಂದೆ. ಪೊರೆ ಅದಕ್ಕೂ ಮೊದಲೇ ತೆಗೆಸಿ ಆಗಿತ್ತು. ಊರಿಗೆ ನಾನು ಹೋಗಲೇ ಇಲ್ಲ.

ಇವತ್ತು ಬೆಳಿಗ್ಗೆ ಬಿಯರು ಮಾಡಲು ಗ್ಯಾರೇಜಿನಲ್ಲಿ ದೊಡ್ಡ ಪಾತ್ರೆಗೆ ಮೊಳೆತ ಬಾರ್ಲಿಯ ಮಾಲ್ಟಿನ ಪಾಕ ಸುರಿದು ಕುದಿಯಲು ಇಟ್ಟೆ. ವಾಸನೆ ಎದ್ದಿತು. ನೀವು ಆ ವಾಸನೆಯನ್ನು ಕಂಡಿರದಿದ್ದರೆ ಹೀಗೆ ಊಹಿಸಿಕೊಳ್ಳಿ: ಮೊಳಕೆ ಬರಿಸಿದ ರಾಗಿಯನ್ನು ಹುರಿಯುತ್ತಿರುವಾಗ ಬಾಣಲೆಗೆ ಒಂದು ಚೂರು ಬೆಲ್ಲ ಬಿದ್ದಂತೆ. ಆ ವಾಸನೆಯ ಬೆನ್ನಿಗೇ ನನಗೆ ಒಂದು ಧ್ವನಿ ಕೇಳಿಸಿತು. “ಪಾತ್ರೆ ಬಿಟ್ಟು ಎಲ್ಲಿಗೆ ಹೋಗುದು ಮಾರಾಯ್ರೆ? ಉಕ್ಕಿದ್ರೆ ಒರೆಸುವವರು ಯಾರು?” ತಿರುಗಿ ನೋಡಿದೆ. ಹುಲ್ಲು ಕತ್ತರಿಸುವ ಯಂತ್ರ ಬಿಟ್ಟರೆ ಹಿಂದೆ ಯಾರೂ ಇರಲಿಲ್ಲ. ಕುದಿಸಿ, ತಣಿಸಿ, ಯೀಸ್ಟ್ ಹಾಕಿ, ಮುಚ್ಚಳ ಬಿಗಿದು, ಕೈ ತೊಳೆದು ಬಂದು ಈಗ ಬರೆಯಲು ಕೂತಿದ್ದೇನೆ. ಸಂಪಾದಕರು ಕೇಳಿದ ಟಿಪ್ಸ್ ಎಲ್ಲ ಇದರಲ್ಲಿ ಇವೆ. ಅವುಗಳಲ್ಲಿ ಒಂದೂ ನನ್ನದಲ್ಲ, ಅಷ್ಟೆ.

ನನ್ನ ವಿಷಯ ಹೆಚ್ಚೇನಿಲ್ಲ. ಕಾಪುವಿನವನು, ಪಿಯುಸಿವರೆಗೆ ಓದಿದವನು. ಅಣ್ಣ ಸ್ಪಾನ್ಸರ್ ಮಾಡಿ ಅಮೆರಿಕಕ್ಕೆ ಕರೆಸಿಕೊಂಡ ಮೇಲೆ ವಾಷಿಂಗ್ಟನ್ ಬಳಿಯ ಡಲ್ಲಸ್ ವಿಮಾನ ನಿಲ್ದಾಣದ ಸರಕಿನ ಶೆಡ್ಡಿನಲ್ಲಿ ಇಪ್ಪತ್ತಾರು ವರ್ಷ ಫೋರ್ಕ್‌ಲಿಫ್ಟ್ ಓಡಿಸಿದೆ. ಡಾಕ್ಟರುಗಳೂ ವಿಜ್ಞಾನಿಗಳೂ ತುಂಬಿದ ನಮ್ಮ ಕೂಟದಲ್ಲಿ ನಾನು ಕುರ್ಚಿ ಜೋಡಿಸುವ ಮನುಷ್ಯ. ಕುರ್ಚಿ ಜೋಡಿಸುವುದರಲ್ಲಿ ನನಗೆ ಬೇಸರವಿರಲಿಲ್ಲ ಎಂದು ಬರೆಯಬೇಕು ಅನ್ನಿಸುತ್ತದೆ. ಇತ್ತು.

ಹರ್ನ್‌ಡನ್ನಿನ ನಮ್ಮ ಟೌನ್‌ಹೌಸಿಗೆ ಗೋಡೆ ಹಂಚಿಕೊಂಡಿದ್ದವರು ಬಾಯಮ್ಮ. ನಮ್ಮ ಕರಾವಳಿಯಲ್ಲಿ ಕ್ರೈಸ್ತರ ಮನೆಯ ಹಿರಿಯ ಹೆಂಗಸರನ್ನು ಕರೆಯುವುದೇ ಹಾಗೆ. ಅವರು ಶಿರ್ವದವರು, ಗಂಡ ತೀರಿಹೋಗಿದ್ದರು, ಮಗಳು ಅಟ್ಲಾಂಟದಲ್ಲಿ ಡಾಕ್ಟರು. ರಾಕ್‌ವಿಲ್‌ನ ಒಂದು ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ಗಾಜಿನ ತಟ್ಟೆಗಳಲ್ಲಿ ಕ್ರಿಮಿ ಬೆಳೆಸುವ ಕೆಲಸ ಮಾಡಿ ನಿವೃತ್ತರಾಗಿದ್ದರು. ಕುಳ್ಳಗೆ, ಗಟ್ಟಿಮುಟ್ಟು. ಕೂದಲು ಗಂಡುಮಕ್ಕಳಂತೆ ಕತ್ತರಿಸಿರುತ್ತಿತ್ತು, ಕನ್ನಡಕ ದಾರದಲ್ಲಿ ಕೊರಳಿಗೆ ನೇತಾಡುತ್ತಿತ್ತು.

ಎರಡು ಸಾವಿರದ ಇಪ್ಪತ್ತರ ವಸಂತದಲ್ಲಿ ವಿಮಾನಗಳು ನಿಂತುಹೋದವು. ತಲೆಯ ಮೇಲೆ ಸದಾ ಇರುತ್ತಿದ್ದ ಸದ್ದು ಇಲ್ಲವಾದಾಗ ನನಗೆ ನಿದ್ದೆಯೇ ಬರುತ್ತಿರಲಿಲ್ಲ, ಹಗಲೆಲ್ಲ ಡ್ರೈವ್‌ವೇಯಲ್ಲಿ ಸುಮ್ಮನೆ ನಿಂತಿರುತ್ತಿದ್ದೆ. ಪಕ್ಕದ ಗ್ಯಾರೇಜಿನ ಬಾಗಿಲು ತೆರೆದಿತ್ತು. ಬಾಯಮ್ಮ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಏನೋ ಕಲಕುತ್ತಿದ್ದರು.

“ಎಂತ ಬಾಯಮ್ಮ, ಗಂಜಿಯಾ?”

“ಗಂಜಿಯೇ. ಎರಡು ತಿಂಗಳು ಬಿಟ್ಟು ಬನ್ನಿ, ತಲೆಗೆ ಹತ್ತುವ ಗಂಜಿ.”

ಅವರ ಗಂಡ ಮಾಡುತ್ತಿದ್ದರಂತೆ. ಗಂಡ ಹೋದ ಮೇಲೆ ಸಾಮಾನುಗಳನ್ನು ಬಿಸಾಡಲು ಮನಸ್ಸಾಗದೆ ಒಮ್ಮೆ ಮಾಡಿ ನೋಡಿದರು. ಗಂಡನಿಗಿಂತ ಚೆನ್ನಾಗಿ ಬಂತು. “ಅವರು ಇದ್ದಾಗ ಹೇಳ್ಲಿಕ್ಕೆ ಆಗ್ತಿರ್ಲಿಲ್ಲ, ಈಗ ಹೇಳ್ಬಹುದು” ಎಂದು ನಕ್ಕರು. ಕುಡಿಯುತ್ತಿದ್ದದ್ದು ಭಾನುವಾರದ ಊಟಕ್ಕೆ ಒಂದು ಸಣ್ಣ ಲೋಟ, ಅದೂ ರುಚಿ ನೋಡಿ ಪುಸ್ತಕದಲ್ಲಿ ಬರೆದಿಡುವುದಕ್ಕೆ. ಉಳಿದದ್ದನ್ನೆಲ್ಲ ಹಂಚುತ್ತಿದ್ದರು.

ಮರುವಾರದಿಂದ ನಾನು ಅವರ ಶಿಷ್ಯ. ಹತ್ತು ಅಡಿ ದೂರದಲ್ಲಿ ಕುರ್ಚಿ ಹಾಕಿಕೊಂಡು ಕೂತವನಿಗೆ ಮೊದಲ ಎರಡು ಪಾಠಗಳಲ್ಲಿ ಬಿಯರಿನ ಸುದ್ದಿಯೇ ಇರಲಿಲ್ಲ, ಬರೀ ತೊಳೆಯುವುದು. ಮೊದಲು ಕಣ್ಣಿಗೆ ಕಾಣುವ ಕೊಳೆ ಹೋಗಬೇಕು, ಆಮೇಲೆ ಕಣ್ಣಿಗೆ ಕಾಣದ ಕ್ರಿಮಿ ಸಾಯುವ ದ್ರಾವಣದಲ್ಲಿ ಅದ್ದಬೇಕು. ಎರಡೂ ಬೇರೆ ಬೇರೆ ಕೆಲಸ, ಒಂದು ಮಾಡಿದರೆ ಇನ್ನೊಂದು ಮಾಡಿದಂತಾಗುವುದಿಲ್ಲ. ಕುದಿ ಇಳಿಸಿದ ಮೇಲೆ ಆ ದ್ರವಕ್ಕೆ ತಾಗುವ ಸೌಟು, ಕೊಳವೆ, ಮುಚ್ಚಳ, ನಿಮ್ಮ ಕೈ, ಎಲ್ಲಕ್ಕೂ ಈ ನಿಯಮ. ನಾನು ಜಾಣತನ ತೋರಿಸಲು ಹೋದೆ. “ದೋಸೆ ಹಿಟ್ಟಿಗೆ ನಾವು ಇಷ್ಟೆಲ್ಲ ಮಾಡುದಿಲ್ಲ, ಆದ್ರೂ ಹುಳಿ ಬರ್ತದಲ್ಲ?”

“ದೋಸೆ ಹಿಟ್ಟು ಅಂದ್ರೆ ಮದುವೆಮನೆ. ಯಾರು ಬಂದ್ರೂ ಊಟ ಉಂಟು. ಇಲ್ಲಿ ಹಾಗಲ್ಲ. ಇಲ್ಲಿ ಎಲೆ ಹಾಕಿದ್ದು ಒಬ್ಬನಿಗೆ, ಯೀಸ್ಟಿಗೆ ಮಾತ್ರ. ಬೇರೆ ಯಾರಾದ್ರೂ ಬಂದು ಕೂತ್ರೆ ಊಟ ಹಾಳು.”

ಇದಕ್ಕಿಂತ ಚೆನ್ನಾಗಿ ಹೇಳಿದ ಪುಸ್ತಕ ನನಗೆ ಸಿಕ್ಕಿಲ್ಲ. ಆದರೂ ನನ್ನ ಮೊದಲ ಬಿಯರಿಗೆ ನಾನು ಬಳಸಿದ್ದು ನಮ್ಮ ಮನೆಯಲ್ಲಿ ಮಾವಿನ ಮಿಡಿ ಉಪ್ಪಿನಕಾಯಿ ಹಾಕುತ್ತಿದ್ದ ಪ್ಲಾಸ್ಟಿಕ್ ಬಕೆಟ್ಟು. ಹತ್ತು ಸಲ ತೊಳೆದಿದ್ದೆ. ಪ್ಲಾಸ್ಟಿಕ್ಕಿಗೆ ವಾಸನೆ ನೆನಪಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಬಾಯಮ್ಮ ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಯೋಚಿಸಿ, “ಮೊಸರನ್ನಕ್ಕೆ ಒಳ್ಳೆದಾಗ್ತದೆ” ಎಂದರು. ಬಕೆಟ್ಟು ಹೊಸದೇ ಇರಲಿ, ಒಳಗೆ ಗೀರು ಬೀಳದಂತೆ ಮೆತ್ತಗಿನ ಬಟ್ಟೆಯಲ್ಲೇ ತೊಳೆಯಿರಿ. ಗೀರಿನಲ್ಲಿ ಕ್ರಿಮಿ ಮನೆ ಮಾಡುತ್ತದೆ.

ಉಳಿದದ್ದನ್ನೂ ಹೇಳಿಬಿಡುತ್ತೇನೆ. ಹೊಸಬರು ಧಾನ್ಯ ನೆನೆಸಿ ಹಿಂಡುವ ಗೋಜಿಗೆ ಹೋಗಬೇಡಿ, ಅಂಗಡಿಯಲ್ಲಿ ಸಿಗುವ ಮಾಲ್ಟಿನ ಪಾಕದಿಂದ ಶುರು ಮಾಡಿ. ಪಾಕ ಹಾಕುವಾಗ ಒಲೆ ಆರಿಸಿ, ಇಲ್ಲದಿದ್ದರೆ ತಳ ಹಿಡಿಯುತ್ತದೆ. ಕಹಿಗೆ ಹಾಕುವ ಹಾಪ್ಸ್ ಎಂಬ ಹಸಿರು ಹೂವಿನ ಗುಳಿಗೆ ಬಿದ್ದ ಕೂಡಲೇ ಹಾಲಿನ ಹಾಗೆ ಉಕ್ಕುತ್ತದೆ, ಆಗ ಫೋನು ಬಂದರೆ ಎತ್ತಬೇಡಿ. ಒಂದು ಗಂಟೆ ಕುದಿಸಿದ ಮೇಲೆ ಐಸು ತುಂಬಿದ ತೊಟ್ಟಿಯಲ್ಲಿ ಪಾತ್ರೆ ಇಟ್ಟು ಬೇಗ ತಣಿಸಿ. ತಣಿದ ಮೇಲೆ ಬಕೆಟ್ಟಿಗೆ ಸುರಿದು ಯೀಸ್ಟ್ ಹಾಕಿ, ಬಿಸಿಗೆ ಹಾಕಿದರೆ ಅದು ಸತ್ತುಹೋಗುತ್ತದೆ. ಆಮೇಲೆ ಬಿಸಿಲು ತಾಗದ ತಂಪು ಮೂಲೆಯಲ್ಲಿ ಎರಡು ವಾರ ಬಿಟ್ಟುಬಿಡಿ. ನಾನು ಮುಚ್ಚಳ ತೆಗೆದು ತೆಗೆದು ನೋಡುತ್ತಿದ್ದೆ. “ಹೊಸ ಮದುಮಕ್ಕಳ ಕೋಣೆ ಬಾಗಿಲು ತೆಗೆದು ನೋಡ್ತೀರಾ?” ಎಂದು ಬಾಯಮ್ಮ ಕೇಳಿದ ಮೇಲೆ ಬಿಟ್ಟೆ.

ನಾನು ಕಲಿಯಲು ನಿಧಾನಿಸಿದ್ದು ಕೊನೆಯ ಪಾಠವನ್ನು. ಮುಚ್ಚಳಕ್ಕೆ ಸಿಕ್ಕಿಸಿದ ಗಾಳಿ ಹೋಗುವ ಕೊಳವೆಯಲ್ಲಿ ಗುಳ್ಳೆ ನಿಂತಿತು ಎಂದರೆ ಕೆಲಸ ಮುಗಿಯಿತು ಎಂದು ಅರ್ಥವಲ್ಲ. ಗಾಳದ ಬೆಂಡಿನ ಹಾಗೆ ತೇಲುವ ಒಂದು ಗಾಜಿನ ಕಡ್ಡಿಯಿದೆ, ಹೈಡ್ರೋಮೀಟರು. ದ್ರವದಲ್ಲಿ ಸಕ್ಕರೆ ಎಷ್ಟು ಉಳಿದಿದೆ ಎಂದು ಅದು ತೋರಿಸುತ್ತದೆ. ಮೂರು ದಿನದ ಅಂತರದಲ್ಲಿ ಎರಡು ಸಲ ನೋಡಿ, ಎರಡೂ ಸಲ ಒಂದೇ ಅಂಕಿ ಬಂದರೆ ಮಾತ್ರ ಬಾಟಲಿಗೆ ಇಳಿಸಬೇಕು. ಬಾಟಲಿಯೊಳಗೆ ನೊರೆ ಹುಟ್ಟಲು ಆಗ ಇನ್ನಷ್ಟು ಸಕ್ಕರೆ ಬೇಕು, ಅದನ್ನು ತಕ್ಕಡಿಯಲ್ಲಿ ತೂಗಿ, ನೀರಲ್ಲಿ ಕುದಿಸಿ ಕರಗಿಸಿ, ಇಡೀ ಬಿಯರಿಗೆ ಸಮನಾಗಿ ಬೆರೆಸಬೇಕು. “ಇದೊಂದು ಕಡೆ ಕಣ್ಣಳತೆ, ಕೈಯಳತೆ ಬೇಡ. ಒಳಗೆ ಗಾಳಿ ಹೆಚ್ಚಾದ್ರೆ ಬಾಟಲಿ ಬಾಂಬು ಆಗ್ತದೆ” ಎಂದು ಬಾಯಮ್ಮ ನನಗೆ ನಾಲ್ಕು ಸಲವಾದರೂ ಹೇಳಿದ್ದರು.

ಅವರ ಇನ್ನೊಂದು ಕೆಲಸದ ಬಗ್ಗೆ ಹೇಳದಿದ್ದರೆ ನಾನು ಮಾಡಿದ್ದು ನಿಮಗೆ ಪೂರ್ತಿ ತಿಳಿಯುವುದಿಲ್ಲ. ಭಾನುವಾರ ಚರ್ಚಿನಿಂದ ಬಂದು ಮಧ್ಯಾಹ್ನ ಅವರು ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದರು. ಮೊದಲು ಕಂಪ್ಯೂಟರಿನ ಪರದೆಯಲ್ಲಿ, ಮುಂದಿನ ವಸಂತದಿಂದ ಪಾರ್ಕಿನ ಮರದ ಬೆಂಚುಗಳ ಮೇಲೆ. ಹನ್ನೊಂದು ಮಕ್ಕಳು. ಪ್ರತಿಯೊಬ್ಬರಿಗೂ ಒಂದು ಪುಟ್ಟ ಡಬ್ಬಿ ದೋಸೆ ಹಿಟ್ಟು ಕೊಟ್ಟು, ಮನೆಯಲ್ಲಿ ಗಂಟೆಗೊಮ್ಮೆ ಅದು ಎಷ್ಟು ಉಬ್ಬಿತು ಎಂದು ಕನ್ನಡ ಅಂಕಿಯಲ್ಲಿ ಬರೆದು ತರಲು ಹೇಳಿದ್ದರು. “ಟೀಚರ್, ನನ್ನ ಹಿಟ್ಟು escape ಆಯ್ತು!” ಎಂದು ಒಬ್ಬಳು ಕೂಗಿದಾಗ ಬಾಯಮ್ಮ, “ಓಡಿಹೋಯ್ತು ಅಂತ ಬರಿ” ಎಂದು ಅವಳಿಂದಲೇ ಆ ಪದವನ್ನು ಬರೆಸಿದರು. ಆ ತರಗತಿ ಇಲ್ಲದಿದ್ದರೆ ಭಾನುವಾರ ತಮಗೆ ಬರೀ ಒಗೆಯುವ ಬಟ್ಟೆ ಎಂದು ಒಮ್ಮೆ ನನಗೆ ಹೇಳಿದ್ದರು. ಮಗಳು ಅಟ್ಲಾಂಟಕ್ಕೆ ಕರೆದರೂ ಹೋಗದೆ ಇದ್ದದ್ದು ಅದಕ್ಕಾಗಿಯೇ.

ಎರಡನೆಯ ವರ್ಷದ ಜೂನ್ ಹೊತ್ತಿಗೆ ನನಗೆ ಸೊಕ್ಕು ಬಂದಿತ್ತು. ಊರಿಂದ ಬಂದವರು ಯಾರೋ ತಾಳೆಮರದ ಓಲೆಬೆಲ್ಲ ತಂದುಕೊಟ್ಟಿದ್ದರು. ಸಕ್ಕರೆಯ ಬದಲು ಓಲೆಬೆಲ್ಲ ಹಾಕಿ, ಬಾಯಮ್ಮನಿಗೇ ಗೊತ್ತಿಲ್ಲದ ರುಚಿಯೊಂದನ್ನು ಮಾಡಿ ಅವರ ಮುಂದೆ ಇಡಬೇಕು ಎಂದುಕೊಂಡೆ. ಎಂಟನೇ ದಿನ ಗುಳ್ಳೆ ನಿಂತದ್ದೇ ಬಾಟಲಿಗೆ ಇಳಿಸಿದೆ. ಕಡ್ಡಿ ಮುಳುಗಿಸಲಿಲ್ಲ. ಬೆಲ್ಲವನ್ನು ತೂಗಲಿಲ್ಲ. ಐವತ್ತು ವರ್ಷ ಪಾಯಸಕ್ಕೆ ಬೆಲ್ಲ ಹಾಕಿದ ಮನೆಯವನಿಗೆ ತಕ್ಕಡಿ ಯಾಕೆ? ಮುಷ್ಟಿಯಲ್ಲಿ ಹಾಕಿ, ಕಣ್ಣಳತೆಯಲ್ಲಿ ಸಾಕು ಅನ್ನಿಸಿದಾಗ ನಿಲ್ಲಿಸಿದೆ. ಪೂರ್ತಿ ಕರಗಲೂ ಇಲ್ಲ.

ಇಡುವುದೆಲ್ಲಿ ಎಂಬುದು ಮುಂದಿನ ಪ್ರಶ್ನೆ. ನನ್ನ ಹೆಂಡತಿಯ ಕಟ್ಟಳೆ ಒಂದೇ: “ಗ್ಯಾರೇಜಿನಲ್ಲಿ ಎಂತ ಬೇಕಾದ್ರೂ ಮಾಡಿ. ದೇವರಿರುವ ಮನೆಯೊಳಗೆ ಒಂದು ಹನಿ ಬರ್ಬಾರ್ದು.” ಜೂನಿನ ಗ್ಯಾರೇಜು ಒಲೆಯ ಹಾಗೆ ಇತ್ತು. ಇಪ್ಪತ್ತು ಬಾಟಲಿಗಳನ್ನು ಅವಳು ಗುಡಿಗೆ ಹೋದ ಹೊತ್ತಿನಲ್ಲಿ ಬೇಸ್‌ಮೆಂಟಿನ ಮೆಟ್ಟಿಲ ಕೆಳಗಿನ ಕ್ಲಾಸೆಟ್ಟಿನಲ್ಲಿ, ಹಳೆಯ ಕಂಬಳಿಗಳ ಹಿಂದೆ ಸೇರಿಸಿದೆ.

ಮೂರು ವಾರ ಬಿಟ್ಟು ನಮ್ಮಲ್ಲಿ ಸತ್ಯನಾರಾಯಣ ಪೂಜೆ. ಎಲ್ಲರೂ ಲಸಿಕೆ ಹಾಕಿಸಿಕೊಂಡು ವರ್ಷದ ಮೇಲೆ ಮೊದಲ ಸಲ ಒಟ್ಟು ಸೇರಿದ್ದರು. ಜನ ಜಾಸ್ತಿ ಎಂದು ಹೆಂಡತಿ ಮಂಟಪವನ್ನು ಬೇಸ್‌ಮೆಂಟಿಗೆ ಇಳಿಸಿದಳು. ನಲವತ್ತು ಜನ, ತೆರೆದಿಟ್ಟ ಬಾಗಿಲು, ಅಡುಗೆ ಬಿಸಿಯಾಗಿರಲೆಂದು ಅಡಿಯಲ್ಲಿ ಉರಿ ಹಚ್ಚಿಟ್ಟ ದೊಡ್ಡ ತಟ್ಟೆಗಳು. ಸೆಖೆಗೆ ಭಟ್ಟರ ವಿಭೂತಿ ಕರಗುತ್ತಿತ್ತು. ಬಾಯಮ್ಮ ರೇಷ್ಮೆ ಸೀರೆ ಉಟ್ಟು ಹಿಂದಿನ ಸಾಲಿನಲ್ಲಿ ಕೂತಿದ್ದರು. ಮಂಗಳಾರತಿಯ ಗಂಟೆ ಬಾರಿಸುವಾಗ ಮೊದಲ ಬಾಟಲಿ ಸಿಡಿಯಿತು.

ಬಲೂನು ಒಡೆಯಿತೆಂದು ಒಬ್ಬರು ನಕ್ಕರು. ಎರಡನೆಯದು ಸಿಡಿಯಿತು, ಅದರ ಹಿಂದೆ ಒಟ್ಟಿಗೆ ಮೂರು ನಾಲ್ಕು. ಕ್ಲಾಸೆಟ್ಟಿನ ಬಾಗಿಲ ಕೆಳಗಿನಿಂದ ಕಂದು ನೊರೆ ಹರಿದುಬಂದು ರಂಗೋಲಿಯ ಒಂದು ಮೂಲೆಯನ್ನು ನೆನೆಸಿತು. ವಾಸನೆಯನ್ನು ಯಾರಿಗೂ ವಿವರಿಸಬೇಕಾಗಿರಲಿಲ್ಲ. ಭಟ್ಟರು ಪಂಚೆ ಎತ್ತಿಕೊಂಡು ಹಿಂದೆ ಸರಿದರು. ನನ್ನ ಹೆಂಡತಿ ನನ್ನ ಕಡೆ ತಿರುಗಿ, “ಇದೆಂತದು?” ಎಂದಳು. ಗಟ್ಟಿಯಾಗಿ ಕೇಳಿದ್ದರೆ ನಾನು ನಿಜ ಹೇಳುತ್ತಿದ್ದೆನೋ ಏನೋ. ಅವಳು ಮೆಲ್ಲಗೆ ಕೇಳಿದಳು, ನಲವತ್ತು ಜನ ಉತ್ತರಕ್ಕೆ ಕಾದರು.

“ಬಾಯಮ್ಮನವರದ್ದು” ಎಂದೆ. “ಅವರ ಎಸಿ ಕೆಟ್ಟಿದೆಯಂತೆ. ಇಲ್ಲಿಟ್ಟು ಹೋಗಿದ್ರು.”

ಎಸಿಯ ಮಾತು ಯಾರೂ ಕೇಳದೆ ನಾನೇ ಹಾಕಿದ ಒಗ್ಗರಣೆ. ಬಾಯಮ್ಮ ನನ್ನನ್ನು ನೋಡಿದರು. ಸಿಟ್ಟಿನ ನೋಟವಲ್ಲ ಅದು. ತೂಕ ಮಾಡುವಾಗ ತಕ್ಕಡಿಯ ಅಂಕಿ ನಿಲ್ಲಲು ಕಾಯುತ್ತಾರಲ್ಲ, ಅಂಥದ್ದು. ಆಮೇಲೆ ಎದ್ದು ನಿಂತು, “ಹೌದು, ನನ್ನದೇ. ತಪ್ಪಾಯ್ತು. ಮಕ್ಕಳನ್ನು ಮೇಲೆ ಕಳಿಸಿ, ಗಾಜು ಹಾರ್ತದೆ. ಒದ್ದೆ ಟವೆಲ್ ಇದ್ರೆ ನಾಲ್ಕು ಕೊಡಿ” ಎಂದರು.

ನಿಮಗೂ ಮುಂದೆ ಇಂಥ ಗತಿ ಬಂದರೆ ಅವರು ಮಾಡಿದಂತೆಯೇ ಮಾಡಿ. ಕನ್ನಡಕ ಹಾಕಿಕೊಂಡು, ಸೆರಗನ್ನು ಕೈಗೆ ದಪ್ಪಗೆ ಸುತ್ತಿಕೊಂಡು, ಉಳಿದ ಬಾಟಲಿಗಳ ಮೇಲೆ ಒದ್ದೆ ಟವೆಲು ಹೊದಿಸಿ, ಅವನ್ನು ಹಾಗೆಯೇ ಒಂದೊಂದಾಗಿ ಐಸಿನ ಪೆಟ್ಟಿಗೆಗೆ ಇಳಿಸಿದರು. ತಂಪಾದರೆ ಒಳಗಿನ ಒತ್ತಡ ಇಳಿಯುತ್ತದೆ. ಬಾಟಲಿಗಳ ಮೇಲೆ ದಿನಾಂಕ ಬರೆದ ಅಂಟುಪಟ್ಟಿ ಇತ್ತು, ನನ್ನ ಕೈಬರಹದಲ್ಲಿ. ನನ್ನ ಬರಹ ನನ್ನ ಹೆಂಡತಿಗೆ ಗೊತ್ತಿಲ್ಲವೇ? ಬಾಯಮ್ಮ ಒಂದೊಂದೇ ಪಟ್ಟಿಯನ್ನು ಉಗುರಿನಲ್ಲಿ ಕಿತ್ತು, ಉಂಡೆ ಮಾಡಿ, ತಮ್ಮ ಬ್ಯಾಗಿಗೆ ಹಾಕಿಕೊಳ್ಳುವುದನ್ನು ನೋಡಿದವನು ನಾನೊಬ್ಬನೇ. ನೆಲ ಒರೆಸಿದ ಮೇಲೆ ಅವರು ಪ್ರಸಾದಕ್ಕೆ ನಿಲ್ಲಲಿಲ್ಲ.

ಇದು ಗಾಬರಿಯಲ್ಲಿ ಬಾಯಿಂದ ಜಾರಿದ್ದು ಎಂದು ನಾನು ನನಗೇ ಸಮಾಧಾನ ಹೇಳಿಕೊಳ್ಳಬಹುದಿತ್ತು. ಆದರೆ ನಾಲ್ಕು ದಿನ ಬಿಟ್ಟು ಕನ್ನಡ ತರಗತಿಯ ಉಸ್ತುವಾರಿ ನೋಡುತ್ತಿದ್ದ ಹುಡುಗಿಯ ಫೋನು ಬಂತು. ಒಳ್ಳೆಯ ಹುಡುಗಿ, ಮೈಸೂರಿನವಳು.

“ಅಂಕಲ್, ಸ್ವಲ್ಪ ಡೆಲಿಕೇಟ್ ವಿಷ್ಯ. ಪೇರೆಂಟ್ಸ್ ಗ್ರೂಪಲ್ಲಿ ತುಂಬಾ ಮೆಸೇಜಸ್ ಬರ್ತಿದೆ. ಪೂಜೆ ಮನೇಲಿ ಹೇಳ್ದೆ ಕೇಳ್ದೆ ಆಲ್ಕೋಹಾಲ್ ಇಡೋರ ಹತ್ರ ಮಕ್ಳನ್ನ ಹೇಗೆ ಕಳ್ಸೋದು ಅಂತ. ನಂಗೆ ಟೀಚರ್ ಮೇಲೆ ರೆಸ್ಪೆಕ್ಟ್ ಇದೆ ಅಂಕಲ್. ನೀವು ಅವರ ನೇಬರ್, ನಿಮಗೆ ಗೊತ್ತಿರತ್ತೆ. ನೀವು ಒಂದ್ ಮಾತು ಹೇಳಿದ್ರೆ ನಾನು ಎಲ್ರಿಗೂ ಕನ್ವಿನ್ಸ್ ಮಾಡ್ತೀನಿ.”

ನಾನು ಆಗ ಸೋಫಾದಲ್ಲಿ ಆರಾಮವಾಗಿ ಕೂತಿದ್ದೆ. ಎದುರಿಗೆ ಕಾಫಿ ಇತ್ತು, ಯಾವ ಗಾಬರಿಯೂ ಇರಲಿಲ್ಲ. “ನಾನೆಂತ ಹೇಳುದಮ್ಮ, ನಿಮಗೆ ಸರಿ ಕಂಡದ್ದು ಮಾಡಿ” ಎಂದೆ.

ಬಾಯಮ್ಮನಿಗೆ ಸ್ವಲ್ಪ ದಿನ ರೆಸ್ಟ್ ತೆಗೆದುಕೊಳ್ಳಲು ಹೇಳಿದರಂತೆ. ಅವರು ಯಾಕೆ ಎಂದು ಕೇಳಲಿಲ್ಲವಂತೆ. ಪಾರ್ಕಿನ ಬೆಂಚು ಆ ಭಾನುವಾರದಿಂದ ಖಾಲಿ. ಅವರ ಜಾಗಕ್ಕೆ ಬೇರೆ ಯಾರೂ ಸಿಗದೆ ತರಗತಿಯೇ ನಿಂತಿತು. ನವೆಂಬರಿನಲ್ಲಿ ಮಗಳು ಬಂದು ಅವರನ್ನು ಅಟ್ಲಾಂಟಕ್ಕೆ ಕರೆದುಕೊಂಡು ಹೋದಳು. ಆ ಐದು ತಿಂಗಳು ನಾನು ಡ್ರೈವ್‌ವೇಗೆ ಇಳಿಯುವ ಮೊದಲು ಕಿಟಕಿಯಿಂದ ಪಕ್ಕದ ಗ್ಯಾರೇಜನ್ನು ನೋಡಿಕೊಳ್ಳುತ್ತಿದ್ದೆ, ಬಾಗಿಲು ಹಾಕಿದ್ದರೆ ಮಾತ್ರ ಇಳಿಯುತ್ತಿದ್ದೆ. ಅವರು ಹೋದ ದಿನ ನನ್ನ ಗ್ಯಾರೇಜಿನ ಮುಂದೆ ಅವರ ದೊಡ್ಡ ಪಾತ್ರೆ, ಹೈಡ್ರೋಮೀಟರು, ತಕ್ಕಡಿ, ಎಲ್ಲವೂ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದವು. ತಕ್ಕಡಿಗೆ ಹೊಸ ಬ್ಯಾಟರಿ ಹಾಕಿದ್ದರು.

ಅದೇ ಪಾತ್ರೆಯಲ್ಲಿ ಮಾಡಿದ ಬಿಯರು ನನ್ನನ್ನು ದೊಡ್ಡ ಮನುಷ್ಯನನ್ನಾಗಿ ಮಾಡಿತು. ಈಗ ಶನಿವಾರ ಆಶ್‌ಬರ್ನಿನಿಂದ, ಸ್ಟರ್ಲಿಂಗಿನಿಂದ ಐಟಿ ಹುಡುಗರು ಬರುತ್ತಾರೆ, ನೋಟ್ಸ್ ಬರೆದುಕೊಳ್ಳುತ್ತಾರೆ. ಮದುವೆಮನೆ, ಒಂದೇ ಎಲೆ ಎಂದು ಹೇಳಿದಾಗ, “ಸೂಪರ್ ಅಂಕಲ್, ಎಂಥಾ ಎಕ್ಸ್‌ಪ್ಲನೇಷನ್!” ಎನ್ನುತ್ತಾರೆ. ನಾನು ಗಡ್ಡ ಸವರಿಕೊಳ್ಳುತ್ತೇನೆ. ಕೂಟದಲ್ಲಿ ಈಗ ನನಗೆ ಯಾರೋ ಕುರ್ಚಿ ತಂದು ಹಾಕುತ್ತಾರೆ.

ಇಷ್ಟು ಬರೆದು ಹೆಂಡತಿಗೆ ಓದಿ ಹೇಳಿದೆ. ಅವಳು ತೊಗರಿಬೇಳೆ ಆರಿಸುತ್ತಿದ್ದಳು. ಬಾಟಲಿ ಸಿಡಿದ ಜಾಗಕ್ಕೆ ಬಂದಾಗ ಆರಿಸುವುದು ನಿಂತಿತು. ಮುಗಿದ ಮೇಲೆ ಮೊರವನ್ನು ಬದಿಗಿಟ್ಟಳು.

“ನಾನು ಅವರನ್ನು ಆಮೇಲೆ ಒಂದು ದಿನವೂ ಮನೆಗೆ ಕರೀಲಿಲ್ಲ” ಎಂದಳು. “ಕ್ರಿಸ್‌ಮಸ್ಸಿಗೆ ಕುಸ್ವಾರ್ ತಿಂಡಿ ಕಳಿಸ್ತಿದ್ದ ಹೆಂಗಸು. ಅವರಿಗೆ ಫೋನು ಮಾಡಿದ್ದೀರಾ?”

“ಇಲ್ಲ.”

“ಹಾಗಾದ್ರೆ ಇದು ಯಾರಿಗೆ ಬರ್ದದ್ದು?”

ಮಾಡಿದೆ. ಅವಳ ಎದುರಿಗೇ ಮಾಡಿದೆ. ಎರಡನೇ ರಿಂಗಿಗೆ ಬಾಯಮ್ಮ ಎತ್ತಿಕೊಂಡರು, ನನ್ನ ಧ್ವನಿ ಕೇಳಿದ ಕೂಡಲೇ ಗುರುತು ಹಿಡಿದರು. “ಹೋ, ಎಂತ ಮಾರಾಯ್ರೆ! ಬಿಯರು ಹೇಗುಂಟು?” ಹೇಳಬೇಕಾದದ್ದನ್ನು ಬಿಟ್ಟು, ಇವತ್ತು ಹಾಕಿದ ಯೀಸ್ಟಿಗೆ ಇನ್ನೂ ಗುಳ್ಳೆ ಬಂದಿಲ್ಲ ಎಂದುಬಿಟ್ಟೆ. ಹಾಕಿ ಆರು ಗಂಟೆ ಆಗಿರಲಿಲ್ಲ, ಬರುವ ಹೊತ್ತೇ ಅದಲ್ಲ ಎಂದು ನನಗೂ ಗೊತ್ತು. ಆದರೂ ಅವರು ಹತ್ತು ನಿಮಿಷ ತಾಳ್ಮೆಯಿಂದ ಕೋಣೆಯ ಶಾಖ ಎಷ್ಟು, ಮುಚ್ಚಳ ಬಿಗಿಯಿದೆಯಾ, ಎಲ್ಲ ಕೇಳಿದರು. “ಒಂದೂವರೆ ದಿನ ಕಾಯಿರಿ, ಮುಚ್ಚಳ ತೆಗೀಬೇಡಿ” ಎಂದರು. ಇಡುವ ಮೊದಲು ಕೇಳಿದರು: “ಮಕ್ಕಳ ಕ್ಲಾಸು ಈಗ ಯಾರು ತೆಕೊಳ್ತಾರೆ? ನಡೀತಾ ಉಂಟಲ್ಲ?”

“ಉಂಟು, ಉಂಟು” ಎಂದೆ.

ಹೆಂಡತಿ ಬೇಳೆಯ ಮೊರ ಎತ್ತಿಕೊಂಡು ಒಳಗೆ ಹೋದಳು.

ನನ್ನ ನಾಲಿಗೆಯಿಂದ ಆಗದ ಕೆಲಸ ಇದು ಎಂದು ಈಗ ಖಾತ್ರಿಯಾಯಿತು. ಅದಕ್ಕೇ ಸಂಪಾದಕರಲ್ಲಿ ಕೇಳಿಕೊಳ್ಳುತ್ತೇನೆ, ಒಂದು ಸಾಲೂ ಕತ್ತರಿಸಬೇಡಿ, ನನ್ನ ಫೋಟೋ ಹಾಕಬೇಡಿ. ಸಂಚಿಕೆಯ ಒಂದು ಪ್ರತಿಯನ್ನು ಅಟ್ಲಾಂಟಕ್ಕೆ ಕಳಿಸಿ, ವಿಳಾಸ ನಾನು ಕೊಡುತ್ತೇನೆ. ಆ ದಿನ ನಮ್ಮ ಬೇಸ್‌ಮೆಂಟಿನಲ್ಲಿದ್ದ ನಲವತ್ತು ಜನರೂ ಈ ಸಂಚಿಕೆ ಓದುವವರೇ. ಪೇರೆಂಟ್ಸ್ ಗ್ರೂಪಿನಲ್ಲಿ ಬರೆದವರೂ ಇದ್ದೀರಿ. ಬಾಟಲಿ ನನ್ನದಾಗಿತ್ತು. ನಿಮ್ಮ ಮಕ್ಕಳ ತರಗತಿ ನಿಂತದ್ದು ನನ್ನಿಂದ. ಅದು ನಡೆಯುತ್ತಿಲ್ಲ ಎಂಬುದೂ ಬಾಯಮ್ಮನಿಗೆ ಇದನ್ನು ಓದಿಯೇ ತಿಳಿಯಲಿ.

ಬಾಯಮ್ಮ, ಬಾಯಮ್ಮ ಎಂದೇ ಇಷ್ಟು ಉದ್ದಕ್ಕೂ ಬರೆದೆ. ಹೆಸರು ಹಾಕಿದರೆ ನಿಮಗೆಲ್ಲ ಆ ದಿನ ನೆನಪಾಗುತ್ತದೆ ಎಂಬ ಹೆದರಿಕೆ ಕೈಯನ್ನು ಹಿಡಿದಿತ್ತು. ನೆನಪಾಗಲಿ. ನನಗೆ ಬಿಯರು ಮಾಡಲು ಕಲಿಸಿದವರು, ನಿಮ್ಮ ಹನ್ನೊಂದು ಮಕ್ಕಳಿಗೆ ಕನ್ನಡ ಕಲಿಸಿದವರು, ನನ್ನ ಸುಳ್ಳನ್ನು ನಲವತ್ತು ಜನರ ಎದುರು ತನ್ನದೆಂದು ಹೊತ್ತು ನನ್ನ ನೆಲ ಒರೆಸಿ ಹೋದವರು, ಶಿರ್ವದ ಜೆಸಿಂತಾ ಮೊಂತೇರೊ.